ಟಗರುಗಳಿಗೆ ಸೊನ್ನೆ ಬರೆಯುತ್ತಿದ್ದ ಕಾಲ

ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬದ ಹೆಂಗಸಿಗೆ ಸಿಕ್ಕಿದ್ದ ಸರ್ಕಾರಿ ಕೆಲಸ ಟಗರುಗಳ ವೀರ್ಯ ನೋಡಿ ಅಂಕ ಹಾಕುವುದು. ಬೀರೂರಿನಲ್ಲಿ ಇದನ್ನು ಕೇಳಿ ನಗದವರಿರಲಿಲ್ಲ. ಅವರು ನಗುವ ಮೊದಲೇ ನಾನು ನಕ್ಕುಬಿಡುತ್ತಿದ್ದೆ, ಅಷ್ಟಾದರೂ ಮರ್ಯಾದೆ ಉಳಿಯಲಿ ಅಂತ. ನನ್ನನ್ನು ಗಟ್ಟಿಗಿತ್ತಿ ಎಂದು ಕರೆದವರೆಲ್ಲ ಆ ನಗು ನೋಡಿ ಮೋಸಹೋದವರು. ನಾನು ಹುಟ್ಟು ಪುಕ್ಕಲಿ. ಬಾಗಿಲು ಜೋರಾಗಿ ತಟ್ಟಿದರೆ ಈಗಲೂ ಎದೆ ಡವಗುಟ್ಟುತ್ತದೆ.

ಆಗ ಯಾವುದಕ್ಕೆ ಹೆದರುತ್ತಿದ್ದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅತ್ತೆ ನನಗೆ ದೀಪಾವಳಿಯವರೆಗೆ ಗಡುವು ಕೊಟ್ಟಿದ್ದರು. ಬೈದು ಕೊಟ್ಟಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ಅವರು ನನ್ನ ತಟ್ಟೆಗೆ ಬಿಸಿ ಮುದ್ದೆ ಹಾಕಿ, ಬೆನ್ನು ಸವರಿ ಹೇಳಿದರು.

“ದೀಪಾವಳಿ ತಂಕ ನೋಡ್ತೀನಿ ಕಣಮ್ಮ. ಆಮೇಲೆ ನೀನು ತರೀಕೆರೆಗೆ ಹೋಗ್ಬಿಡು. ನಿನ್ಮೇಲೆ ನಂಗೇನೂ ಕೋಪ ಇಲ್ಲ. ಮನೇಲಿ ಒಂದು ತೊಟ್ಲು ತೂಗ್ಬೇಕು, ಅಷ್ಟೇಯ.”

ತರೀಕೆರೆ ನನ್ನ ತವರು. ಅಪ್ಪ ಅಲ್ಲಿ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನನಗೆ ಅನುಕಂಪದ ಮೇಲೆ ಅಜ್ಜಂಪುರದ ಹತ್ತಿರದ ಒಂದು ಸಣ್ಣ ಕುರಿ ತಳಿ ಕೇಂದ್ರದಲ್ಲಿ ಕೆಲಸ ಕೊಟ್ಟಿದ್ದರು. ಗಂಡನ ಮನೆಯಿಂದ ತವರಿಗೆ ವಾಪಸು ಬಂದ ಹೆಂಗಸು ಹೇಗಿರುತ್ತಾಳೆ ಎನ್ನುವುದು ಸೋದರತ್ತೆಯನ್ನು ನೋಡಿ ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂತು ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಮದುವೆ ಮುಂಜಿಗಳಲ್ಲಿ ಅವಳನ್ನು ಅಡುಗೆಮನೆಯಿಂದ ಈಚೆ ಯಾರೂ ಕರೆಯುತ್ತಿರಲಿಲ್ಲ. ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಬೀರೂರಿನಿಂದ ಅಜ್ಜಂಪುರಕ್ಕೆ ಬೆಳಗಿನ ಪ್ಯಾಸೆಂಜರ್, ಅಲ್ಲಿಂದ ಕೇಂದ್ರಕ್ಕೆ ನಡಿಗೆ. ಕೊಟ್ಟಿಗೆಗೂ ನನ್ನ ಕೋಣೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಅಂಗೈ ಎರಡರಷ್ಟು ಅಗಲದ ಒಂದು ಕಿಂಡಿ. ಆ ಕಡೆ ಹೆಣ್ಣುಕುರಿ ಕಟ್ಟಿ ಟಗರು ಬಿಡುತ್ತಿದ್ದರು. ಟಗರು ಏರಿದ ಕ್ಷಣದಲ್ಲಿ ಬಿಸಿನೀರು ತುಂಬಿದ ರಬ್ಬರಿನ ಕೊಳವೆ ಒಡ್ಡಿ ವೀರ್ಯ ಹಿಡಿಯುವುದು ಕೇಂದ್ರದ ದನದ ಡಾಕ್ಟರ ಕೆಲಸ. ಹೆಂಗಸು ಅದನ್ನು ನೋಡಬಾರದೆಂದು ಕಿಂಡಿ ಮಾಡಿಸಿದ್ದರು. ವೀರ್ಯ ಬಿದ್ದ ಗಾಜಿನ ನಳಿಗೆಗೆ ಬಟ್ಟೆ ಸುತ್ತಿ ಕುರಿ ನೋಡಿಕೊಳ್ಳುವ ಮುದುಕ ಕಿಂಡಿಯಿಂದ ಕೈಚಾಚುತ್ತಿದ್ದ. ನಾನು ಅದರ ಒಂದು ಹನಿಯನ್ನು ಬೆಚ್ಚಗಿನ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ಕಣ್ಣಿಡುತ್ತಿದ್ದೆ. ಟಗರು ಏನು ಮಾಡಿತು ಅಂತ ನೋಡಬಾರದು, ಮಾಡಿದ್ದರ ಫಲ ಮಾತ್ರ ನೂರು ಪಟ್ಟು ದೊಡ್ಡದಾಗಿ ನೋಡಬಹುದು. ಗಂಡಸರ ಲೆಕ್ಕಾಚಾರ ಯಾವತ್ತೂ ಹೀಗೇ.

ಒಳ್ಳೆಯ ಟಗರಿನ ವೀರ್ಯ ಗಿಣ್ಣುಹಾಲಿನ ಹಾಗೆ ಗಟ್ಟಿ. ಗಾಜಿನಡಿ ಅದು ಕುದಿಯುವ ಗಂಜಿಯಂತೆ ಸುಳಿ ಸುಳಿಯಾಗಿ ಮಗುಚುತ್ತದೆ. ಹಾಗಿದ್ದರೆ ಐದು ಅಂಕ. ಸುಳಿ ನಿಧಾನವಾದರೆ ನಾಲ್ಕು, ಮೂರು. ಅಲ್ಲೊಂದು ಇಲ್ಲೊಂದು ಮಾತ್ರ ಮಿಸುಕಿದರೆ ಒಂದು. ಏನೂ ಅಲುಗದಿದ್ದರೆ ಸೊನ್ನೆ. ಮೂರರ ಮೇಲೆ ಬಂದದ್ದನ್ನು ಡಾಕ್ಟರು ಹದ ಮಾಡಿ ಥರ್ಮಾಸಿನಲ್ಲಿಟ್ಟು ಕಡೂರು ಕಡೆಯ ಹಳ್ಳಿಗಳಿಗೆ ಒಯ್ದು ಹೆಣ್ಣುಕುರಿಗಳಿಗೆ ಕೊಡುತ್ತಿದ್ದರು. ಸೊನ್ನೆ ಬಂದದ್ದು ಬಚ್ಚಲಿಗೆ. ಎರಡು ಮೂರು ತಿಂಗಳು ಸೊನ್ನೆಯೇ ಬಂದರೆ ಟಗರು ಕಟುಕರಿಗೆ. ನನ್ನ ಸೊನ್ನೆಗಳಿಗೆ ಒಂದು ಜೀವ ಹೋಗುತ್ತಿತ್ತು. ಹಾಗಾಗಿ ಸೊನ್ನೆ ಬರೆಯುವ ಮೊದಲು ಮೂರು ಸಲ ನೋಡುತ್ತಿದ್ದೆ.

ಆ ವರ್ಷ ಹೊರದೇಶದ ತಳಿಯ ಒಂದು ಬಿಳಿ ಟಗರು ಬಂತು. ಕಾಲಿನ ಗೊರಸಿನವರೆಗೂ ಉಣ್ಣೆ, ಮುಖದ ತುಂಬ ಉಣ್ಣೆ, ದೇವರು ಅಳತೆ ಮರೆತು ಹೊದಿಸಿದ ಹಾಗೆ. ಚೌಳಹಿರಿಯೂರು, ಕಡೂರು, ತರೀಕೆರೆಯಿಂದೆಲ್ಲ ಜನ ನೋಡಲು ಬಂದರು. ಬಂದವರು ಟಗರಿನ ಮುಖ ನೋಡುತ್ತಿರಲಿಲ್ಲ. ಹಿಂದೆ ಹೋಗಿ ಬಗ್ಗಿ, ಜೋತುಬಿದ್ದಿದ್ದ ಬೀಜದ ಚೀಲ ನೋಡಿ, “ಏನಪ್ಪಾ ಇದು, ತೆಂಗಿನಕಾಯಿ ಇದ್ದಂಗಿದೆ” ಅನ್ನುತ್ತಿದ್ದರು. ಅದಕ್ಕೆ ಮೊದಲ ದಿನವೇ ನಾನು ಐದು ಹಾಕಿದೆ. ಮುದುಕ ಕಿಂಡಿಯಿಂದ ಮುಖ ತೂರಿಸಿ, “ಎಷ್ಟವ್ವಾ?” ಅಂದ. ಐದು ಅಂದೆ. ತನಗೇ ಗಂಡುಮಗು ಹುಟ್ಟಿದ ಹಾಗೆ ಹಲ್ಲುಬಿಟ್ಟ.

ಏಪ್ರಿಲಿನಲ್ಲಿ ಐದು ಮೂರಾಯಿತು. ಬಿಸಿಲಿಗೆ ಎಲ್ಲ ಟಗರುಗಳದೂ ಒಂದಿಷ್ಟು ಇಳಿಯುವುದು ಇದ್ದದ್ದೇ, ಡಾಕ್ಟರು ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ವಾರ ಒಂದು. ಅದರ ಮುಂದಿನ ವಾರ ಗಾಜಿನಡಿ ಮುರಿದ ಶಾವಿಗೆ ಚೂರುಗಳಂತೆ ಚೆಲ್ಲಿಕೊಂಡು ಬಿದ್ದಿದ್ದವು, ಒಂದೂ ಅಲುಗಲಿಲ್ಲ. ಉಳಿದ ನಾಟಿ ಟಗರುಗಳು ಅದೇ ಬಿಸಿಲಲ್ಲಿ ಮೂರು ನಾಲ್ಕು ಕೊಡುತ್ತಲೇ ಇದ್ದವು. ಡಾಕ್ಟರು ಮೊದಲು ಅನುಮಾನಪಟ್ಟಿದ್ದು ನನ್ನನ್ನು. ನಳಿಗೆ ಸೋಪಿನಲ್ಲಿ ತೊಳೆದೆಯಾ, ನೀರು ಉಳಿದಿತ್ತಾ, ಗಾಜು ತಣ್ಣಗಿತ್ತಾ ಅಂತ ಒಂದೊಂದೇ ಕೇಳಿದರು. ಕೋಪಿಷ್ಠರಲ್ಲ ಅವರು, ಆದರೂ ನಾನು ತೊಳೆದ ನಳಿಗೆಗಳನ್ನೆಲ್ಲ ತಂದು ಅವರ ಮುಂದಿಟ್ಟೆ. ತಾವೇ ಎಲ್ಲವನ್ನೂ ಕುದಿಸಿ ಒಣಗಿಸಿ ನೋಡಿದರು. ಆಗಲೂ ಸೊನ್ನೆ.

ಡಾಕ್ಟರಿಗೆ ನನ್ನ ಮೇಲಿನ ಅನುಮಾನ ಹೋಯಿತು. ನನಗೇ ನನ್ನ ಮೇಲೆ ಶುರುವಾಯಿತು. ಮನೆಯಲ್ಲಿ ಸೊನ್ನೆ, ಇಲ್ಲೂ ಸೊನ್ನೆ. ನೋಡಿದ್ದೆಲ್ಲ ಸಾಯುವ ಕಣ್ಣೇನಾದರೂ ನನ್ನದೇ? ಇದು ಹುಚ್ಚು ಅಂತ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಆ ಟಗರಿನ ಹನಿಯನ್ನು ಎಡಗಣ್ಣಿನಿಂದ ನೋಡಿದೆ, ಬಲಗಣ್ಣಿನ ದೋಷ ಇದ್ದರೆ ತಪ್ಪಲಿ ಅಂತ. ಓದಿದವಳು, ಮೈಕ್ರೋಸ್ಕೋಪು ಬಳಸುವವಳು ಮಾಡಿದ ಕೆಲಸ ಇದು.

ಆ ಹನಿಯಲ್ಲೇ ನನಗೆ ಕಂಡದ್ದು ಕಪ್ಪು ಎಳೆ. ಕೂದಲಿನಂತಹ ಎರಡು ಸಣ್ಣ ಕಪ್ಪು ಎಳೆಗಳು. ಟಗರು ಮೂಗಿನಿಂದ ಬಾಲದವರೆಗೆ ಬಿಳಿ. ಈ ಕಪ್ಪು ಎಲ್ಲಿಂದ ಬಂತು? ಡಾಕ್ಟರಿಗೆ ಹೇಳಲು ಹೆದರಿದೆ, ಮತ್ತೆ ನನ್ನ ಗಾಜೇ ಕೊಳಕು ಅಂದರೆ ಏನು ಗತಿ? ವೀರ್ಯ ಹಿಡಿಯದ ಒಂದು ದಿನ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಮೊದಲ ಬಾರಿಗೆ ಕೊಟ್ಟಿಗೆಯೊಳಗೆ ಕಾಲಿಟ್ಟೆ. ಬಿಳಿ ಟಗರು ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿತ್ತು. ಅದರ ಹಿಂಗಾಲುಗಳ ನಡುವೆ ಕರಿಕಂಬಳಿಯ ಒಂದು ಚೀಲ. ಎರಡು ಪದರ, ಒಳಗೆ ಉಣ್ಣೆ ತುಂಬಿ ಹೊಲಿದದ್ದು. ಬಾಯಿಗೆ ದಾರ ಕಟ್ಟಿ ಅದರ ಬೀಜಕ್ಕೆ ಬಿಗಿಯಾಗಿ ತೊಡಿಸಿದ್ದರು.

ಹಿಂದೆ ಮುದುಕ ನಿಂತಿದ್ದ. ನನ್ನನ್ನು ಕಂಡು ಅವನ ಮುಖ ಬೂದಿಯಾಯಿತು. ನಾನೂ ಹೆದರಿದ್ದೆ, ಅವನೂ ಹೆದರಿದ್ದ. ಇಬ್ಬರ ನಡುವೆ ಹೆದರದೆ ನಿಂತದ್ದು ಟಗರು ಒಂದೇ.

“ದೃಷ್ಟಿಗೆ ಕಣವ್ವ,” ಅಂದ. “ಬಂದೋರೆಲ್ಲ ಬಗ್ಗಿ ಬಗ್ಗಿ ನೋಡ್ತಾರೆ.”

“ಜನ ಬರೋದು ನಿಂತು ತಿಂಗಳಾಯ್ತಲ್ಲಾ ತಾತ?”

ಅವನು ನೆಲ ನೋಡಿದ. ನೋಡುತ್ತಲೇ ಹೇಳಿದ. “ತೆಪ್ಪು ತಿಳ್ಕೋಬ್ಯಾಡ. ಕುರೀನೇ ಎಣಿಸ್ಬಾರ್ದು ಅಂತಾರೆ ನಮ್ಮೋರು. ನೀನು ಅದರ ಬೀಜವ ಗಾಜಲ್ಲಿ ಹಾಕಿ ಒಂದೊಂದಾಗಿ ನೋಡ್ತೀಯ. ಅದ್ರಾಗೂ ಮಡಿಲು ತುಂಬದ ಹೆಣ್ಮಗಳ ಕಣ್ಣು. ನಿಂದೇನೂ ತೆಪ್ಪಿಲ್ಲ ಕಣವ್ವ, ಕಣ್ಣಿಗೆ ಅದು ಗೊತ್ತಾಗಾಕಿಲ್ಲ. ಕರಿಕಂಬ್ಳಿ ಹಾಕಿದ್ರೆ ತಾಕಾಕಿಲ್ಲ ಅಂತ ಹೊಲ್ದೆ.”

ವೀರ್ಯ ಹಿಡಿಯುವ ದಿನ ಬೆಳಿಗ್ಗೆ ಬಿಚ್ಚಿಡುತ್ತಿದ್ದ, ಮುಗಿದ ಮೇಲೆ ಮತ್ತೆ ತೊಡಿಸುತ್ತಿದ್ದ. ಅಂಕ ಐದರಿಂದ ಮೂರಕ್ಕೆ ಇಳಿದಾಗ ಒಂದು ಪದರ ಇದ್ದದ್ದು, ಅಂಕ ಒಂದಕ್ಕೆ ಬಂದಾಗ ಎರಡು ಪದರವಾಯಿತಂತೆ. ನನ್ನ ಅಂಕ ಇಳಿದಷ್ಟೂ ಅವನ ಕಂಬಳಿ ದಪ್ಪವಾಗಿತ್ತು. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ನಾನೇ ಎಡಗಣ್ಣಿನಿಂದ ನೋಡಿದವಳು, ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ?

ಡಾಕ್ಟರಿಗೆ ಹೇಳಿದೆ. ಅವರು ಮುದುಕನನ್ನು ಬೈಯಲಿಲ್ಲ, ಚೀಲ ಕೈಗೆ ತೆಗೆದುಕೊಂಡು ಅದರ ಹೊಲಿಗೆ ನೋಡಿ, “ಟೈಲರ್ ಆಗ್ಬೇಕಿತ್ತು ನೀನು” ಅಂದರು. ಆಮೇಲೆ ನಮ್ಮಿಬ್ಬರನ್ನೂ ನಿಲ್ಲಿಸಿ ಪಾಠ ಹೇಳಿದರು. ಬೀಜ ಮೈಯ ಬಿಸಿಗಿಂತ ತಂಪಾಗಿರಬೇಕು, ಅದಕ್ಕೇ ಅದು ಹೊಟ್ಟೆಯೊಳಗಿಲ್ಲ, ಹೊರಗೆ ಜೋತಿದೆ. ಸೆಖೆಯಲ್ಲಿ ಬೀಜದ ಚೀಲ ಸಡಿಲವಾಗಿ ಇಳಿಯುವುದು, ಚಳಿಯಲ್ಲಿ ಮೇಲಕ್ಕೆ ಮುದುರುವುದು ಅದಕ್ಕೇ. ಒಂದೇ ಸಮ ಬಿಸಿ ತಾಗಿದರೆ ಒಳಗಿನ ಬೆಳೆ ಸುಟ್ಟುಹೋಗುತ್ತದೆ. ಈಗ ಕಂಬಳಿ ತೆಗೆದರೂ ನಾಳೆಯೇ ಸರಿಯಾಗುವುದಿಲ್ಲ. ಇವತ್ತು ಬಿತ್ತಿದ್ದು ಕೈಗೆ ಬರಲು ಏಳೆಂಟು ವಾರ ಬೇಕು.

“ಆಮೇಲೆ ಸರಿಹೋಗುತ್ತಾ ಸಾರ್?” ಅಂದೆ.

“ಹೋಗ್ಬೇಕು. ನೋಡೋಣ.”

ಹೋಯಿತು. ಆಷಾಢದಲ್ಲಿ ಒಂದು, ಎರಡು. ಶ್ರಾವಣದಲ್ಲಿ ನಾಲ್ಕು. ಒಂದು ದಿನ ಗಾಜಿನಡಿ ಮತ್ತೆ ಸುಳಿ ಸುಳಿಯಾಗಿ ಕುದಿಯಿತು. ಕಿಂಡಿಯಾಚೆ ಮುದುಕ ಕಾಯುತ್ತಿದ್ದ. ಐದು ಅನ್ನಲು ಬಾಯಿ ತೆರೆದೆ. ಆ ಹೊತ್ತಿಗೇ ನನಗೆ ನನ್ನ ಗಂಡನ ಇಂಜಿನ್ನು ನೆನಪಾಗಿತ್ತು.

ನನ್ನ ಗಂಡ ರೈಲ್ವೆಯಲ್ಲಿ ಫೈರ್‌ಮನ್. ಉಗಿಬಂಡಿಯ ಬೆಂಕಿಯ ಬಾಯಿಗೆ ಕಲ್ಲಿದ್ದಲು ತುಂಬುವವನು. ಮದುವೆಗೆ ಐದು ವರ್ಷ ಮೊದಲಿನಿಂದ ಶಿವಮೊಗ್ಗದ ಲೈನಿನಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಆ ಬಾಯಿಯ ಮುಂದೆ ನಿಂತವನು. ಮನೆಗೆ ಬಂದಾಗ ಅವನ ತೊಡೆಯ ಮುಂಭಾಗ ಕೆಂಪಾಗಿರುತ್ತಿತ್ತು. ಅವನ ಖಾಕಿ ಚಡ್ಡಿ ಒಗೆಯುವಾಗ ಮುಂದಿನ ಬಟ್ಟೆ ಹಿಂದಿನದಕ್ಕಿಂತ ಬೇಗ ಹಳದಿಯಾಗಿ ಜೀರ್ಣವಾಗುವುದನ್ನು ನೋಡಿದ್ದೆ. ನಾಲ್ಕು ವರ್ಷದಿಂದ ಒಗೆದಿದ್ದೆ, ಯೋಚನೆ ಮಾಡಿರಲಿಲ್ಲ. ಮಠದ ವಿಭೂತಿ ತಿಂದವಳು ನಾನು, ಸೋಮವಾರ ಉಪವಾಸ ಮಾಡಿದವಳು ನಾನು, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ತೋರಿಸಿದವಳು ನಾನು. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಅವನು ಕೆಟ್ಟವನಲ್ಲ. ಇದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಕಡಿಮೆ ಮಾತಿನವನು, ತರೀಕೆರೆ ಸಂತೆಯಿಂದ ನನಗೆ ನೆನಪಿಟ್ಟು ಮಲ್ಲಿಗೆ ತರುತ್ತಿದ್ದವನು. ಟಗರಿನ ಕತೆಯನ್ನು ನಾನು ದಿನಾ ಹೇಳುತ್ತಿದ್ದೆ, ಅವನು ನಗುತ್ತಾ, “ಇವತ್ತು ನಿನ್ ಅಳಿಯಂಗೆ ಎಷ್ಟು?” ಅಂತ ಅಂಕ ಕೇಳುತ್ತಿದ್ದ. ಗಣಪತಿ ಹಬ್ಬ ಕಳೆದ ವಾರ, ಅತ್ತೆ ಯಾರದೋ ಮನೆಗೆ ಹೆಣ್ಣು ವಿಚಾರಿಸಲು ಹೋಗಿದ್ದ ದಿನ, ಧೈರ್ಯ ಮಾಡಿ ಕೇಳಿದೆ. ಅರ್ಧ ಮಾತಿಗೇ ಅವನಿಗೆ ಅರ್ಥವಾಯಿತು.

“ಕುರಿಗೆ ಮಾಡೋ ಪರೀಕ್ಷೆ ನಂಗಾ?”

“ಯಾರಿಗೂ ಹೇಳಲ್ಲ ರೀ. ನಾನೊಬ್ಳೇ ನೋಡೋದು.”

ಅವನು ಎದ್ದು ಹೊರಗೆ ಹೋದ. ಮುಗಿಯಿತು ಅಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅವನೇ, “ಬಾಟ್ಲಿ ಎಲ್ಲಿ?” ಅಂದ.

ಪೆನಿಸಿಲಿನ್ನಿನ ಸಣ್ಣ ಸೀಸೆಯನ್ನು ಮೊದಲೇ ಕುದಿಸಿ ಒಣಗಿಸಿ ಇಟ್ಟಿದ್ದೆ. ಅದು ತಣ್ಣಗಾಗಬಾರದು. ಸೀರೆಯ ನೆರಿಗೆಯ ಒಳಗೆ, ಹೊಟ್ಟೆಯ ಚರ್ಮಕ್ಕೆ ತಾಗುವಂತೆ ಸಿಕ್ಕಿಸಿ, ಮೇಲಿಂದ ಎರಡೂ ಕೈ ಇಟ್ಟುಕೊಂಡು ಪ್ಯಾಸೆಂಜರ್ ಹತ್ತಿದೆ. ಗಾಡಿ ಕುಲುಕಿದಾಗಲೆಲ್ಲ ಮುಚ್ಚಳ ಬಿಚ್ಚಿತೇನೋ ಅಂತ ಜೀವ ಬಾಯಿಗೆ ಬರುತ್ತಿತ್ತು. ಎದುರಿಗೆ ಅಜ್ಜಂಪುರದ ಮಗಳ ಮನೆಗೆ ಹೊರಟಿದ್ದ ಒಬ್ಬ ವಯಸ್ಸಾದ ಸಾಬರ ಹೆಂಗಸು ಕೂತಿದ್ದರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ, “ಎಷ್ಟು ತಿಂಗ್ಳಮ್ಮಾ?” ಅಂದರು.

“ಮೂರು,” ಅಂದುಬಿಟ್ಟೆ.

ಆಕೆ ಎದ್ದು ಬಂದು ಕಿಟಕಿಯ ಪಕ್ಕದ ತಮ್ಮ ಜಾಗ ನನಗೆ ಕೊಟ್ಟರು. ಮೊದಲ ಮೂರು ತಿಂಗಳು ಕುಲುಕಾಟ ಆಗಬಾರದು ಅಂದರು. ನನ್ನ ತಲೆ ಮುಟ್ಟಿ ತಮ್ಮ ಭಾಷೆಯಲ್ಲಿ ಏನೋ ಹರಸಿದರು. ಅಜ್ಜಂಪುರದವರೆಗೂ ನಾನು ಅವರ ಮುಖ ನೋಡಲಿಲ್ಲ.

ಡಾಕ್ಟರು ಕ್ಯಾಂಪಿನಲ್ಲಿದ್ದರು, ಕೋಣೆಯಲ್ಲಿ ನಾನೊಬ್ಬಳೇ. ಬಾಗಿಲ ಚಿಲಕ ಹಾಕಿದೆ, ಕಿಂಡಿಗೆ ರಟ್ಟು ಅಡ್ಡ ಇಟ್ಟೆ. ಮನುಷ್ಯರದು ಟಗರಿನಷ್ಟು ದಟ್ಟವಿರುವುದಿಲ್ಲ, ಸುಳಿ ಕಾಣುವುದಿಲ್ಲ, ಒಂದೊಂದೇ ಈಜುವುದು ಕಾಣಬೇಕು ಅಂತ ಡಾಕ್ಟರ ಪುಸ್ತಕದಲ್ಲಿ ಓದಿಕೊಂಡಿದ್ದೆ. ನೋಡಿದೆ. ಬಯಲು. ಗಾಜು ಸರಿಸಿ ನೋಡಿದೆ, ಬಯಲು. ರೈಲಿನಲ್ಲಿ ತಂದದ್ದಕ್ಕೆ ಸತ್ತಿರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಸತ್ತಿದ್ದರೆ ಸತ್ತವಾದರೂ ಕಾಣಬೇಕಲ್ಲ? ಅಲ್ಲಿ ಎಲ್ಲೋ ಒಂದು, ಬಾಲವಿಲ್ಲದ್ದು. ಇನ್ನೆಲ್ಲೋ ಒಂದು, ತಲೆ ಮುರಿದದ್ದು. ಇಡೀ ಸೀಸೆ ಮುಗಿಯುವವರೆಗೂ ಹನಿ ಹನಿ ಇಟ್ಟು ನೋಡಿದೆ. ಟಗರಿನದಾಗಿದ್ದರೆ ಸೊನ್ನೆ ಬರೆದು ಕೈತೊಳೆದುಕೊಂಡು ಬುತ್ತಿ ಬಿಚ್ಚುತ್ತಿದ್ದೆ.

ಮೊದಲು ಒಂದು ಕ್ಷಣ ಹಗುರವಾಯಿತು. ನಾನಲ್ಲ. ನಾಲ್ಕು ವರ್ಷ ಹೊತ್ತದ್ದು ನನ್ನದಲ್ಲ. ಆ ಹಗುರ ಕುರ್ಚಿಯಿಂದ ಏಳುವಷ್ಟು ಹೊತ್ತೂ ಉಳಿಯಲಿಲ್ಲ. ಇದನ್ನು ಅವನಿಗೆ ಹೇಳುವವಳು ಯಾರು? ಗಾಜು ಒರೆಸಲು ಹೋಗಿ ಒಡೆದು ಬೆರಳು ಕುಯ್ದುಕೊಂಡೆ.

ಸಂಜೆಯ ಗಾಡಿಯಲ್ಲಿ ಮಾತು ಜೋಡಿಸಿಕೊಳ್ಳುತ್ತಾ ಬಂದೆ. ಬೆಂಕಿಯ ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕಡೆ ಹಾಕಿಸಿಕೊಳ್ಳಿ, ಟಗರಿಗೆ ಸರಿಹೋಯಿತಲ್ಲ, ನಿಮಗೂ ಹೋಗಬಹುದು. ಹೀಗೆ ಹೇಳಬೇಕು. ಮೊದಲು ಇದು, ಆಮೇಲೆ ಅದು. ಬೀರೂರಿನಲ್ಲಿ ಇಳಿದರೆ ಪ್ಲಾಟ್‌ಫಾರಮ್ಮಿನ ಮೇಲೆ ಅವನೇ ನಿಂತಿದ್ದ. ಯಾವತ್ತೂ ನನ್ನನ್ನು ಕರೆಯಲು ಬಂದವನಲ್ಲ. ಡ್ಯೂಟಿಯಿಂದ ನೇರವಾಗಿ ಬಂದಿದ್ದ, ಮುಖದ ಮೇಲಿನ ಮಸಿ ಕೂಡ ತೊಳೆದಿರಲಿಲ್ಲ. ಆ ಮಸಿಯ ನಡುವೆ ಕಣ್ಣು ನೋಡಿದೆ. ನಾಲ್ಕು ವರ್ಷದಿಂದ ಪ್ರತಿ ತಿಂಗಳು ಕನ್ನಡಿಯಲ್ಲಿ ನಾನು ನೋಡುತ್ತಿದ್ದ ಹೆದರಿಕೆ ಅದು.

“ಎಷ್ಟು?” ಅಂದ.

“ಚೆನ್ನಾಗಿದೆ.”

“ಎಷ್ಟು ಅಂಕ ಅಂದೆ.”

“ನಾಲ್ಕು.”

ಅವನು ನನ್ನನ್ನೇ ನೋಡಿದ. ನಾನು ಬೆರಳಿಗೆ ಸುತ್ತಿದ್ದ ಬಟ್ಟೆ ಸರಿಮಾಡಿಕೊಂಡೆ. “ಐದಿಲ್ವಾ?” ಅಂದು ನಕ್ಕ. ನಾನೂ ನಕ್ಕೆ.

ಕರುಣೆಯಿಂದ ಸುಳ್ಳು ಹೇಳಿದೆ ಅಂತ ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಂದು ಪಾಲು ಕರುಣೆ ಇರಬಹುದು. ಉಳಿದದ್ದೆಲ್ಲ ಹೆದರಿಕೆ. ಅವನು ಅಲ್ಲೇ ಕುಸಿದರೆ ಅಂತ, ಕೈಯೆತ್ತಿದರೆ ಅಂತ, ಜನ ನೋಡಿದರೆ ಅಂತ. ಇವತ್ತು ಹೀಗೆ ಹೇಳಿರೋಣ, ನಾಲ್ಕು ದಿನ ಬಿಟ್ಟು ನಿಧಾನವಾಗಿ ನಿಜ ಹೇಳೋಣ ಅಂದುಕೊಂಡೆ. ಪುಕ್ಕಲರ ಲೆಕ್ಕದಲ್ಲಿ ನಾಲ್ಕು ದಿನ ಯಾವತ್ತೂ ಕೈಯಲ್ಲಿರುತ್ತದೆ.

ನನಗೆ ಒಂದು ದಿನವೂ ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಅಮ್ಮನ ಮುಂದೆ ಕಾಫಿ ಕುಡಿಯುತ್ತಾ ಹೇಳಿಯಾಗಿತ್ತು. ಅತ್ತೆ ಹಿತ್ತಲಿಗೆ ಬಂದರು. ನಾನು ಪಾತ್ರೆ ತೊಳೆಯುತ್ತಿದ್ದೆ.

“ನೀನೇ ಕಣ್ಣಾರೆ ನೋಡಿದ್ಯಂತೆ. ಅವ್ನದು ಚೆನ್ನಾಗಿದೆಯಂತೆ. ಇನ್ನು ದೀಪಾವಳಿ ತಂಕ ಕಾಯೋದು ಯಾಕಮ್ಮ?”

ಯಾರೋ ಊರಿನವರು ಹೇಳಿದ್ದರೆ ಅಲ್ಲಗಳೆಯಬಹುದಿತ್ತು. ಬೀಜ ನೋಡುವುದಕ್ಕೆಂದೇ ಸರ್ಕಾರ ಇಟ್ಟುಕೊಂಡಿದ್ದವಳ ಮಾತು ಅದು. ನನ್ನ ಮೇಲೆ ನಾನೇ ಸಾಕ್ಷಿ ಹೇಳಿ ಬಂದಿದ್ದೆ.

ಆ ಭಾನುವಾರ ಅವನ ಕಾಲ ಬಳಿ ಕೂತು ಎಲ್ಲ ಹೇಳಿದೆ. ಸುಳ್ಳು ಹೇಳಿದೆ, ನಾಲ್ಕಲ್ಲ, ಏನೂ ಇರಲಿಲ್ಲ. ಬೆಂಕಿಯಿಂದ ಆಗಿರಬಹುದು, ಎರಡು ತಿಂಗಳು ಬೇರೆ ಕೆಲಸ ಕೇಳಿ. ಇನ್ನೊಂದು ಸಲ ನೋಡೋಣ, ನೀವೇ ಬನ್ನಿ, ನೀವೇ ಗಾಜಿಗೆ ಕಣ್ಣಿಟ್ಟು ನೋಡಿ. ಅವನು ಬೂಟಿನ ದಾರ ಕಟ್ಟುತ್ತಲೇ ಇದ್ದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ.

“ಈಗ ಹೇಳ್ಬೇಡ,” ಅಂದ. “ಯಾರೂ ನಂಬಲ್ಲ.”

ಎದ್ದು ಡ್ಯೂಟಿಗೆ ಹೋದ. ರೈಲ್ವೆಯವನಿಗೆ ಇಬ್ಬರು ಹೆಂಡಿರಿದ್ದರೆ ಕೆಲಸಕ್ಕೆ ಸಂಚಕಾರ. ಆದ್ದರಿಂದ ಎರಡೂ ಕಡೆಯ ಹಿರಿಯರು ಸೇರಿ ಬಿಡುಗಡೆ ಪತ್ರ ಬರೆಸಿದರು. ಹೆಣ್ಣಿಗೆ ಮಕ್ಕಳಾಗದ ಕಾರಣ ಅಂತ ಅದರಲ್ಲಿತ್ತು. ಓದಿ, ಕೆಳಗೆ ಸಹಿ ಹಾಕಿದೆ. ಅಲ್ಲಿ ಎದ್ದುನಿಂತು ನಿಜ ಹೇಳಬಹುದಿತ್ತು. ಹತ್ತು ಜನ ಗಂಡಸರ ನಡುವೆ ಪೆನ್ನು ವಾಪಸು ಕೊಟ್ಟು ಕೂತೆ.

ತರೀಕೆರೆಗೆ ಹೋಗಲಿಲ್ಲ. ಅಜ್ಜಂಪುರದಲ್ಲೇ ಒಂದು ಕೋಣೆ ಮಾಡಿಕೊಂಡೆ. ಅವನಿಗೆ ಮರುಮದುವೆಯಾಯಿತು ಅಂತ ಕೇಳಿದೆ. ಆಮೇಲೆ ನನ್ನ ಹೆದರಿಕೆ ಬೇರೆಯಾಯಿತು. ಆ ಹುಡುಗಿಗೆ ಮಗುವಾದರೆ ನಾನು ನೋಡಿದ್ದೇ ತಪ್ಪು, ನಾನು ನಿಜವಾಗಿಯೂ ಬಂಜೆ. ಆಗದಿದ್ದರೆ ನಾನು ಇನ್ನೊಬ್ಬಳನ್ನು ತಂದು ನನ್ನ ಜಾಗದಲ್ಲಿ ಕೂರಿಸಿದ ಹಾಗೆ. ಬೀರೂರಿನಿಂದ ಯಾರೇ ಬಂದರೂ ಸುದ್ದಿ ಕೇಳುವ ಆಸೆ, ಕೇಳಲು ಭಯ. ಹೀಗೆ ಆರು ವರ್ಷ.

ಎಂಬತ್ತರ ದಶಕದ ನಡುವೆ, ಒಂದು ಮಧ್ಯಾಹ್ನ ಆ ಹುಡುಗಿಯೇ ಕೇಂದ್ರದ ನನ್ನ ಕೋಣೆಗೆ ಬಂದಳು. ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಯಾರು ಅಂತ ಹೇಳುವ ಮೊದಲೇ ನನಗೆ ತಿಳಿಯಿತು, ಬಾಗಿಲಲ್ಲಿ ನಿಂತ ರೀತಿಯಿಂದ. ಒಳಗೆ ಬರಲು ತನಗೆ ಹಕ್ಕಿಲ್ಲ ಅನ್ನುವ ಹಾಗೆ ನಿಲ್ಲುವುದನ್ನು ಆ ಮನೆ ಕಲಿಸುತ್ತದೆ. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ ಕೂತಳು.

“ಅಕ್ಕಾ, ಅವರ್ದು ನೀವೇ ನೋಡಿದ್ರಂತೆ. ನಾಲ್ಕು ಬಂದಿತ್ತಂತೆ. ಅತ್ತೆ ದಿನಾ ಹೇಳ್ತಾರೆ.”

ಆಗ ಬಾಯಿ ಬಿಡುವುದಕ್ಕಿಂತ ಸಾಯುವುದು ಸುಲಭ ಅನ್ನಿಸಿತು. ಹಳೆಯ ಗಂಡ, ಹಿರಿಯರು, ಬಿಡುಗಡೆ ಪತ್ರ, ಸರ್ಕಾರಿ ಕೋಣೆಯಲ್ಲಿ ಮಾಡಬಾರದ ಪರೀಕ್ಷೆ ಮಾಡಿದ್ದಕ್ಕೆ ಹೋಗಬಹುದಾದ ಕೆಲಸ, ಎಲ್ಲ ಒಟ್ಟಿಗೆ ಕಣ್ಣಮುಂದೆ ನಿಂತವು. ಅವಳು ಲೋಟ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು.

“ಸುಳ್ಳು ಹೇಳಿದ್ದೆ,” ಅಂದೆ. “ಏನೂ ಇರ್ಲಿಲ್ಲ ಕಣಮ್ಮ. ತಪ್ಪು ನಿಂದಲ್ಲ. ನಂದೂ ಅಲ್ಲ.”

ಅವಳು ಅಳುತ್ತಾಳೆ, ಇಲ್ಲ ನನ್ನನ್ನು ಬೈಯುತ್ತಾಳೆ ಅಂತ ಕಾದೆ. ಎರಡೂ ಮಾಡಲಿಲ್ಲ. ನಿಧಾನವಾಗಿ ನೀರು ಕುಡಿದು ಲೋಟ ಕೆಳಗಿಟ್ಟಳು.

“ಶಿವಮೊಗ್ಗ, ಚಿಕ್ಕಮಗ್ಳೂರು, ಎಲ್ಲಾ ಡಾಕ್ಟರ ಹತ್ರ ಅವರೇ ಕರ್ಕೊಂಡು ಹೋದ್ರು ಅಕ್ಕಾ. ಎಲ್ಲಿಗೆ ಬೇಕಾದ್ರೂ ಹೋಗು, ನಿಮ್ಮ ಹತ್ರ ಮಾತ್ರ ಹೋಗ್ಬೇಡ ಅಂದಿದ್ರು. ಅದಕ್ಕೇ ಬಂದೆ.”

ಯಾರೂ ನಂಬಲ್ಲ ಅಂದಿದ್ದ ಅವನು. “ನಾನು ನಂಬಲ್ಲ” ಅಂತ ಅವನು ಅಂದಿರಲಿಲ್ಲ. ಪ್ಲಾಟ್‌ಫಾರಮ್ಮಿನ ಮೇಲೆ ನನ್ನ ಮುಖ ನೋಡಿ “ಐದಿಲ್ವಾ?” ಅಂದಾಗಲೇ ಅವನಿಗೆ ಗೊತ್ತಾಗಿತ್ತು. ಗೊತ್ತಿದ್ದೇ ಅಮ್ಮನಿಗೆ ಹೇಳಿದ್ದ. ಗೊತ್ತಿದ್ದೇ ನನ್ನನ್ನು ಕಳಿಸಿದ್ದ.

“ಬರ್ದುಕೊಡ್ತೀರಾ?” ಅಂದಳು ಹುಡುಗಿ.

ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡೆ. ನನ್ನ ಹೆಸರು, ಕೆಲಸ, ನೋಡಿದ ತಿಂಗಳು, ನೋಡಿದ್ದು ಏನು, ಹೇಳಿದ್ದು ಏನು, ಯಾಕೆ ಹೇಳಿದೆ, ಎಲ್ಲ ಬರೆದೆ. ಅವಳಿಗೆ ಓದಲು ಬರುತ್ತದೋ ಇಲ್ಲವೋ ಅಂತ ಜೋರಾಗಿ ಓದಿ ಹೇಳಿದ ಮೇಲೆ ಸಹಿ ಹಾಕಿದೆ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಸ್ಟೇಷನ್ನಿನವರೆಗೂ ಅವಳ ಜೊತೆ ನಡೆದೆ. ಬೀರೂರಿನ ಗಾಡಿ ಬಂತು, ಹತ್ತಿದಳು, ಕಿಟಕಿಯ ಹತ್ತಿರ ಕೂತಳು. ನನಗೆ ಹೇಗೆ ಹೆದರಿಕೆಯಾಗುತ್ತಿತ್ತೋ ಹಾಗೇ ಅವಳಿಗೂ ಆಗುತ್ತಿತ್ತು. ಆದರೂ ಅವಳು ಆ ಮನೆಗೇ ಹೊರಟಿದ್ದಳು, ಕಾಗದ ತೆಗೆದುಕೊಂಡು.